ಜೀರಿಗೆಗೆ ಅನ್ನ ಮೊಸರು

ಸೆಪ್ಟೆಂಬರ್ 21, ಶನಿವಾರ. ಸಂಜೆ 6.30

ಬೆಳಗ್ಗೆ ಏಳಕ್ಕೇ ಲ್ಯಾಬ್ ತುಂಬಿತ್ತು. ಶನಿವಾರ ಬಂತೆಂದರೆ ನಮ್ಮ ಬಟವಾಡಿ ಬಡಾವಣೆಯ ಅರ್ಧ ಜನಕ್ಕೆ ಶುಗರ್ ನೆನಪಾಗುತ್ತೆ. ಹನ್ನೊಂದನೇ ಟೋಕನ್ ಕೂಗಿ ತಲೆ ಎತ್ತಿದರೆ — ಕರಿಬಸಮ್ಮ ದೊಡ್ಡಮ್ಮ. ನನ್ನನ್ನು ಸಾಕಿದವಳು. ಸಿದ್ದಾರ್ಥನನ್ನು ಮದುವೆಯಾದೆ ಅಂತ ಐದು ವರ್ಷದಿಂದ ಮಾತು ಬಿಟ್ಟವಳು. ಜಾತಿ ಬೇರೆ, ಮೇಲೆ ಮಾಂಸ ತಿನ್ನುವ ಮನೆ. ಇವಳೋ, ಲಿಂಗಪೂಜೆ ಆಗದೆ ಹನಿ ನೀರೂ ಕುಡಿಯದವಳು.

ಗುಬ್ಬಿಯಲ್ಲಿ ಲ್ಯಾಬ್ ಇಲ್ಲವೇ? ಸಿ.ಎಸ್. ಪುರದ ತೋಟದಿಂದ ಇಷ್ಟು ದೂರ, ಖಾಲಿ ಹೊಟ್ಟೇಲಿ...

ಕೈ ಚಾಚಿದಳು. ರಕ್ತ ತೆಗೆದೆ. ಒಂದೇ ಸಲಕ್ಕೆ ನರ ಸಿಕ್ತು.

"ನೋವೇ ಆಗ್ಲಿಲ್ಲ ಕಣೇ" ಅಂದಳು. ಐದು ವರ್ಷದಲ್ಲಿ ಮೊದಲ ಮಾತು. ಹತ್ತಿ ಒತ್ತಿಕೊಂಡು ಎದ್ದಳು. "ದಸರಾ ರಜಕ್ಕೆ ಇಬ್ರೂ ಬನ್ನಿ. ನಾಕು ದಿನ ಇದ್ದು ಹೋಗಿ."

ಬಾಗಿಲ ತನಕ ಹೋಗಿ ತಿರುಗಿದಳು. "ನಾಯಿ ಸಾಕಿದೀಯಂತೆ. ಅದನ್ನೂ ಕರ್ಕೊಂಡ್ ಬಾ. ಅದು ಊಟಕ್ಕೆ ಏನ್ ತಿನ್ನುತ್ತೆ?"

"ಅನ್ನ ಮೊಸರು" ಅಂದುಬಿಟ್ಟೆ.

ಹನ್ನೆರಡನೇ ಟೋಕನ್ನಿನವರಿಗೆ ಎರಡು ಸಲ ಚುಚ್ಚಿದೆ. ಪಾಪ.

ಸೆಪ್ಟೆಂಬರ್ 22, ಭಾನುವಾರ

ನಮ್ಮ ನಾಯಿ ಜೀರಿಗೆ ಭಾನುವಾರವನ್ನು ಯಾವ ಕ್ಯಾಲೆಂಡರಿನಲ್ಲಿ ನೋಡುತ್ತೋ ಗೊತ್ತಿಲ್ಲ. ಬೆಳಗ್ಗೆಯಿಂದ ಗೇಟಿನ ಹತ್ತಿರ ಕೂತಿತ್ತು, ಸಿದ್ದಾರ್ಥ ಚಿಕನ್ ಅಂಗಡಿಯಿಂದ ಅದರ ಪೊಟ್ಟಣ ತರ್ತಾನೆ ಅಂತ. ತರಬೇಡ ಅಂದಿದ್ದೆ. ಅನ್ನ ಮೊಸರು ಕಲೆಸಿ ಇಟ್ಟೆ. ಮೂಸಿತು. ನನ್ನ ಮುಖ ನೋಡಿತು. ಹೋಗಿ ಸ್ಕೂಟರ್ ಕೆಳಗೆ ಮಲಗಿತು.

"ನಾಯಿಗೆ ಯಾಕೆ ದೀಕ್ಷೆ ಕೊಡ್ತಿದೀಯ?" ಅಂದ ಸಿದ್ದಾರ್ಥ.

"ಇಪ್ಪತ್ತು ದಿನ ಇದೆ. ಅಭ್ಯಾಸ ಆಗುತ್ತೆ."

ನಕ್ಕ. ನಗಲಿ. ಅವನಿಗೇನು ಗೊತ್ತು. ದೊಡ್ಡಮ್ಮ ಒಂದು ಸಲ ಬೇಡ ಅಂದರೆ ಮತ್ತೆ ಕರೆಯುವವಳಲ್ಲ. ಈ ಸಲ ಎಡವಟ್ಟಾದರೆ ಆ ಮನೆ ನನ್ನ ಪಾಲಿಗೆ ಮುಗಿದ ಹಾಗೆ.

ಸೆಪ್ಟೆಂಬರ್ 25

ಮೂರನೇ ದಿನ ಮುದ್ದೆ ತಿಂತು! ತುಪ್ಪ ಸವರಿದ್ದೆ. ತುಪ್ಪ ನೆಕ್ಕಿ ಮುದ್ದೆ ಬಿಡುತ್ತೇನೋ ಅಂದುಕೊಂಡರೆ, ಇಲ್ಲ, ಪೂರ್ತಿ. ಕುಣಿಯೋಣ ಅನ್ನಿಸ್ತು.

ಗಾಡಿ: ಸಿದ್ದಾರ್ಥನ ಕಾಲೇಜಿನ ನಾಗಭೂಷಣ್ ಮೇಷ್ಟ್ರು ಓಮ್ನಿ ಕೊಡ್ತಾರಂತೆ. ಹಿಂದಿನ ಸೀಟ್ ತೆಗೆದು ಹಳೇ ಜಮಖಾನ ಹಾಸಬೇಕು. ಗುಬ್ಬಿ ಮೇಲೆ ಹೋಗೋದೋ ಹೆಬ್ಬೂರು ಮೇಲೆ ಹೋಗೋದೋ — ಜೀರಿಗೆಗೆ ತಿರುವು ಜಾಸ್ತಿ ಆದರೆ ವಾಂತಿ. ಉಣ್ಣೆ ಹುಳಕ್ಕೆ ಔಷಧಿ ಹಾಕಿಸಬೇಕು. ಹಗ್ಗ ಗಟ್ಟಿಯದು ಬೇಕು, ಕೊಟ್ಟಿಗೇಲಿ ಕರು ಇದ್ದರೆ ಕಷ್ಟ.

ಸೆಪ್ಟೆಂಬರ್ 27

ಮುದ್ದೆಯೂ ಬೇಡವಂತೆ.

ಅಕ್ಟೋಬರ್ 4

ಒಂದು ವಾರ ಬರೆಯೋಕೆ ಮನಸ್ಸಾಗಲಿಲ್ಲ. ನಾಯಿಯ ಪಕ್ಕೆಲುಬು ಕಾಣ್ತಿದೆ. ಡಾಕ್ಟರ್ ಹತ್ತಿರ ಹೋದರೆ, "ಇದ್ದಕ್ಕಿದ್ದಂಗೆ ಯಾಕಮ್ಮ ಬದಲಾಯಿಸಿದ್ರಿ?" ಅಂತ ಬೈದರು. ಏನು ಹೇಳಲಿ? ನಮ್ಮ ದೊಡ್ಡಮ್ಮಂಗೆ ಸುಳ್ಳು ಹೇಳಿದೀನಿ, ಅದನ್ನು ನಿಜ ಮಾಡೋಕೆ ಅಂತಲಾ?

ಮನೆಗೆ ಬಂದು ಎರಡು ಮೊಟ್ಟೆ ಬೇಯಿಸೋಣ ಅಂತ ಫ್ರಿಜ್ ತೆಗೆದೆ. ಟ್ರೇ ಹಾಗೇ ಇದೆ. ಕಳೆದ ತಿಂಗಳು ತಂದದ್ದು, ಒಂದೂ ಕಮ್ಮಿಯಾಗಿಲ್ಲ. ದಿನಾ ಬೆಳಗ್ಗೆ ಎರಡು ತಿನ್ನೋ ಮನುಷ್ಯ ಇವನು.

"ನೀನ್ಯಾಕೆ ತಿಂತಿಲ್ಲ?"

"ನಾನೂ ಪ್ರಾಕ್ಟೀಸ್ ಮಾಡ್ತಿದೀನಿ" ಅಂದ. "ಅಲ್ಲಿ ನಂಗೆ ಬಾಯಿ ವಾಸನೆ ಬರಬಾರ್ದಲ್ಲ."

ತಮಾಷೆಗೆ ಹೇಳಿದ ಅಂತ ನಕ್ಕೆ. ಅವನು ನಗಲಿಲ್ಲ. ಹನ್ನೆರಡು ದಿನದಿಂದ ಒಂದೇ ಮನೆಯಲ್ಲಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಾಯಿ ತಟ್ಟೆ ಮಾತ್ರ ನೋಡ್ತಾ ಕೂತಿದ್ದೆ. ನಾಚಿಕೆಯಾಯ್ತು.

ಜೀರಿಗೆ ಎರಡೂ ಮೊಟ್ಟೆ ನುಂಗಿ ಮೂರನೆಯದಕ್ಕೆ ನೋಡಿತು. ಕೊಟ್ಟೆ.

ಅಕ್ಟೋಬರ್ 5, ರಾತ್ರಿ 8

ಊಟದ ಬಿಡುವಲ್ಲಿ ಫೋನ್ ಮಾಡಿದೆ. ದೊಡ್ಡಮ್ಮನ ಮಗ ಚನ್ನೇಶ್ ಎತ್ತಿ ಅವಳ ಕೈಗೆ ಕೊಟ್ಟ. ಹಿಂದೆ ಹಾಲಿನ ಕ್ಯಾನ್ ಸದ್ದು. ಒಂದೇ ಉಸಿರಿಗೆ ಹೇಳಿದೆ:

"ದೊಡ್ಡಮ್ಮ, ಅವತ್ತು ಸುಳ್ಳು ಹೇಳ್ದೆ. ನಾಯಿ ಮೊಟ್ಟೆ, ಕೋಳಿ ಎಲ್ಲಾ ತಿನ್ನುತ್ತೆ. ಸಿದ್ದಾರ್ಥನೂ ತಿಂತಾನೆ. ನಿಮ್ಮನೇಲಿ ತಿನ್ನಲ್ಲ. ಆದ್ರೆ ತಿನ್ನೋನೇ ಅಲ್ಲ ಅಂತ ನಾಟ್ಕ ಆಡಲ್ಲ. ಬರಬೇಡ ಅಂದ್ರೆ ಬರಲ್ಲ."

ಕಟ್ ಆಯ್ತೇನೋ ಅಂತ ಫೋನ್ ನೋಡಿಕೊಂಡೆ.

"ನಾಯಿ ಊಟ ಯಾವಳಿಗೆ ಬೇಕಿತ್ತೇ?" ಅಂದಳು. "ಐದ್ ವರ್ಷ ಆ ಹುಡುಗನ ಹೆಸರೆತ್ತಿಲ್ಲ ನಾನು. ಅಳಿಯಂಗೆ ಏನ್ ಇಷ್ಟ ಅಂತ ಯಾವ ಮುಖ ಇಟ್ಕೊಂಡ್ ಕೇಳ್ಲಿ? ಬಾಗ್ಲ ತಂಕ ಹೋದೆ, ಕೇಳಕ್ಕಾಗ್ಲಿಲ್ಲ. ನಾಯಿದು ಕೇಳ್ದೆ. ನೀನಾದ್ರೂ ಅರ್ಥ ಮಾಡ್ಕೊಂಡು ಹೇಳ್ತೀಯ ಅಂದ್ರೆ, ಅನ್ನ ಮೊಸ್ರಂತೆ!"

ನಾನು ಅಳ್ತಾ ಇದ್ದೆ. ರಿಸೆಪ್ಷನ್ನಿನ ಯಶಸ್ವಿನಿ ಓಡಿ ಬಂದು ಏನಾಯ್ತಕ್ಕ ಅಂದಳು. ಏನೂ ಇಲ್ಲ ಅಂತ ಕೈ ಆಡಿಸಿದೆ.

"ಅಡುಗೆಮನೇಲಿ ಅದಾಗಲ್ಲ, ನಿಂಗೇ ಗೊತ್ತು. ನಾಯಿಗಾದ್ರೆ ತೋಟದಾಗೆ ಮೂರು ಕಲ್ಲು ಇಟ್ಟು ಬೇಯಿಸ್ಕೋ, ಯಾರ್ ಬೇಡ ಅಂತಾರೆ. ಈಗ ಹೇಳು. ಅಳಿಯಂಗೆ ಏನಿಷ್ಟ?"

"ಬಸ್ಸಾರು, ಮುದ್ದೆ."

"ಅಷ್ಟೇನಾ? ಥೂ, ಇದನ್ ಹೇಳಕ್ಕೆ ಇಷ್ಟು ದಿನ ಬೇಕಾಯ್ತಾ? ಹೋಗ್ಲಿ ಬುಡು."

ಅಬ್ಬಾ. ಸಂಜೆ ತನಕ ಮೈ ಹಗುರ. ಯಾರಿಗೂ ಎರಡು ಸಲ ಚುಚ್ಚಲಿಲ್ಲ.

ಅಕ್ಟೋಬರ್ 13, ಭಾನುವಾರ. ತೋಟದ ಮನೆ, ಮಧ್ಯಾಹ್ನ 1.30

ಗುಬ್ಬಿ ಮೇಲೇ ಬಂದ್ವಿ. ಜೀರಿಗೆಗೆ ವಾಂತಿ ಒಂದೇ ಸಲ. ಅದೂ ಗಾಡಿಯಲ್ಲೇ ಇದ್ದ ನಾಗಭೂಷಣ್ ಮೇಷ್ಟ್ರ ಜಮಖಾನದ ಮೇಲೆ, ನಮ್ಮದು ಮನೆಯಲ್ಲೇ ಉಳಿದಿತ್ತು.

ನಾನು ಸಲೀಸಾಗಿ ಒಳಗೆ ಬಂದುಬಿಟ್ಟೆ. ತಿರುಗಿ ನೋಡಿದರೆ ಸಿದ್ದಾರ್ಥ ಅಂಗಳದಲ್ಲೇ. ಹಗ್ಗ ಹಿಡಿದುಕೊಂಡು, ನಾಯಿ ನೋಡಿಕೊಳ್ಳೋ ನೆಪದಲ್ಲಿ ನಿಂತಿದಾನೆ. ದೊಡ್ಡಮ್ಮ ಚೊಂಬಿನಲ್ಲಿ ನೀರು ತಗೊಂಡು ತಾನೇ ಹೋದಳು.

"ನಾಯಿ ಹೊರಗಿರ್ಲಿ. ನೀವ್ಯಾಕೆ ಅದರ ಜೊತೆ ನಿಂತಿದೀರಿ? ಕಾಲ್ ತೊಳ್ಕೊಂಡು ಒಳಗ್ ಬನ್ನಿ."

ಅವನು ಹಗ್ಗವನ್ನು ಯಾವ ಕಂಬಕ್ಕೆ ಕಟ್ಟೋದು ಅಂತ ತಿಳಿಯದೆ ಎರಡು ಸುತ್ತು ಸುತ್ತಿದ. ಕಣ್ಣು ಒರೆಸಿಕೊಂಡದ್ದು ನಾನು ನೋಡಿದೆ, ನೋಡದ ಹಾಗೆ ಇದ್ದುಬಿಟ್ಟೆ.

ಈಗ ನಡುಮನೆಯಲ್ಲಿ ಚನ್ನೇಶನ ಪಕ್ಕ ಊಟಕ್ಕೆ ಕೂರಿಸಿದಾಳೆ. ನಾನು ಆಮೇಲೆ ಕೂರ್ತೀನಿ ಅಂತ ರೂಮಿಗೆ ಬಂದು ಇದನ್ನು ಬರೀತಿದೀನಿ. ಮೂರನೇ ಮುದ್ದೆ ಅಂತೆ. ಕೂಗ್ತಿದಾಳೆ:

"ಸುಮನಾ! ಬಾರೇ ಇಲ್ಲಿ, ನಿನ್ ಗಂಡ ಸಾಕು ಸಾಕು ಅಂತ ಕೈ ಅಡ್ಡ ಹಿಡೀತಾರೆ!"

ಹೋಗಿ ಹೇಳಬೇಕು. ಸಾಕು ಅನ್ನಬೇಡ ಕಣೋ, ಅವಳು ಐದು ವರ್ಷದ್ದು ಒಟ್ಟಿಗೆ ಬಡಿಸ್ತಿದಾಳೆ, ಕೈ ತೆಗಿ, ಎಷ್ಟು ಹಾಕ್ತಾಳೋ ಅಷ್ಟೂ —