ಇನ್ನೂ ಯಾರೋ ಬಳಸುತ್ತಿದ್ದಾರೆ

ಮಾರ್ಚ್ ೧೭, ಮಂಗಳವಾರ
ಬೆಳಗ್ಗೆ ಹತ್ತು ಗಂಟೆ

ನನ್ನ ಸೊಸೆಗೆ ಅತ್ತೆಯ ಮನಸಾರೆ ಆಶೀರ್ವಾದ.

ಸೊಸೆ ಎಂದು ಬರೆದು ಐದು ನಿಮಿಷ ಪೆನ್ನು ಹಿಡಿದು ಕೂತಿದ್ದೆ. ನೀನೂ ನನ್ನ ಮಗನೂ ಬೇರೆಯಾಗಿ ಆರು ವಾರವಾಯಿತು. ಇನ್ನು ಹಾಗೆ ಕರೆಯಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಬೇರೆ ಪದ ತೋಚಲಿಲ್ಲ, ಅದನ್ನೇ ಉಳಿಸಿಕೊಂಡಿದ್ದೇನೆ. ಇಷ್ಟು ದಿನ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಫೋನು ಮಾಡೋಣವೆಂದರೆ ನಿನ್ನ ಧ್ವನಿ ಕೇಳಿದೊಡನೆ ನನ್ನ ಗಂಟಲು ಕೈಕೊಡುತ್ತದೆಂಬ ಭಯ. ಕಾಗದದಲ್ಲಾದರೆ ಆ ತೊಂದರೆಯಿಲ್ಲ. ಹೊಸ ಮನೆಯಲ್ಲಿ ನಕ್ಷೆ ಬಿಡಿಸುವ ಮೇಜನ್ನು ಕಿಟಕಿಯ ಪಕ್ಕ ಹಾಕಿಕೊಂಡೆಯಾ? ಬೆನ್ನುನೋವು ಹೇಗಿದೆ?

ಈಗ ಬರೆಯಲು ಒಂದು ಕಾರಣ ಸಿಕ್ಕಿದೆ. ನಮ್ಮ ಕಂಪ್ಯೂಟರ್ ಸರಿಯಾಗಿ ಆಫ್ ಆಗುತ್ತಿಲ್ಲ.

ನಗಬೇಡ, ಪೂರ್ತಿ ಓದು. ನೀನು ಹೋದ ಮೂರನೆಯ ದಿನ ಬೆಳಗ್ಗೆ ಕಸ ಗುಡಿಸಲು ಮೇಜಿನ ಕೆಳಗೆ ಬಗ್ಗಿದರೆ ಆ ಕಪ್ಪು ಪೆಟ್ಟಿಗೆ ಗುಯ್ ಎನ್ನುತ್ತಿತ್ತು. ಮುಟ್ಟಿದರೆ ಬಿಸಿ. ಹಿಂದಿನ ಸಂಜೆ ಏಳೂವರೆಗೆ ಇಸ್ಪೀಟಾಟ ಮುಗಿಸಿ, ನಾನೇ ಕೈಯಾರೆ ಗುಂಡಿ ಒತ್ತಿ, ಪರದೆ ಕಪ್ಪಾದದ್ದನ್ನು ಕಣ್ಣಾರೆ ನೋಡಿ, ರೇಡಿಯೋ ವಾರ್ತೆ ಕೇಳಲು ಎದ್ದಿದ್ದೆ. ಐದು ವರ್ಷದಿಂದ ದಿನವೂ ಮಾಡುತ್ತಿರುವುದು ಅದನ್ನೇ. ಆ ಸಂಜೆಯೂ ಹಾಗೇ ಮಾಡಿದೆ. ಬೆಳಗ್ಗೆ ಮತ್ತೆ ಗುಯ್.

ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ನಿವೃತ್ತಳಾದವಳು ನಾನು. ಮುಳ್ಳು ಸೊನ್ನೆಗೆ ಬಂದು ನಿಲ್ಲದಿದ್ದರೆ ತಕ್ಕಡಿಯನ್ನು ಬೈಯುವಂತಿಲ್ಲ, ಮೊದಲು ಮೇಜು ಸಮನಾಗಿದೆಯೇ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ಹಳೆಯ ಚಾಳಿ ಎಲ್ಲಿಗೆ ಹೋಗುತ್ತದೆ, ಒಂದು ನೋಟ್‌ಬುಕ್ ತೆರೆದೆ. ಸೋಮವಾರ ಪ್ರಿಂಟರಿನ ವೈರು ಕಿತ್ತೆ, ಗುಯ್ ನಿಲ್ಲಲಿಲ್ಲ. ಮಂಗಳವಾರ ಅದನ್ನು ಮತ್ತೆ ಹಾಕಿ ಮೌಸಿನದು ಕಿತ್ತೆ, ನಿಲ್ಲಲಿಲ್ಲ. ಬುಧವಾರ ಪೆಟ್ಟಿಗೆಯ ಮೇಲೆ ಹೊದಿಸಿದ್ದ ಬಟ್ಟೆ ತೆಗೆದೆ, ಬಿಸಿ ಸ್ವಲ್ಪ ತಗ್ಗಿತು, ಗುಯ್ ಹಾಗೇ ಇತ್ತು. ಗುರುವಾರ ಗುಂಡಿಯನ್ನು ಮೆತ್ತಗೆ ಒತ್ತಿದೆ, ಶುಕ್ರವಾರ ಒತ್ತಿ ಹಿಡಿದೆ. ಹೇಳಿಕೊಳ್ಳಲು ನಾಚಿಕೆ, ಶನಿವಾರ ಒಂದಿಷ್ಟು ಗದರಿಸಿಯೂ ನೋಡಿದೆ.

ಒಂದು ಮಾತು ಮುಚ್ಚಿಡುವುದಿಲ್ಲ. ಹೋಗುವ ಮುಂಚೆ ನೀನೇ ಅದಕ್ಕೆ ಏನೋ ಮಾಡಿಟ್ಟು ಹೋಗಿದ್ದೀಯ ಎಂದು ನನಗೆ ಅನುಮಾನ ಬಂದಿತ್ತು. ನೋಟ್‌ಬುಕ್ಕಿನಲ್ಲಿ ಹಾಗೆಂದು ಬರೆದೂ ಇದ್ದೇನೆ.

ಮಗನಿಗೆ ಹೇಳಿದರೆ, "ಅಮ್ಮಾ, ಅದು ಹಳೇದಾಯ್ತು, ಪ್ಲಗ್ ಕಿತ್ರೆ ಮುಗೀತು. ನಿಂಗ್ಯಾಕೆ ಇಲ್ಲದ ಉಸಾಬರಿ?" ಎಂದು ಮೇಜಿನ ಕೆಳಗೆ ಬಗ್ಗಿಯೇಬಿಟ್ಟ. ನಾನು ಅವನ ಅಂಗಿ ಹಿಡಿದು ಎಳೆದೆ. ಕಾರಣ ತಿಳಿಯದೆ ಕೈಹಾಕುವುದು ನನಗೆ ಒಗ್ಗುವುದಿಲ್ಲ. ಆಮೇಲೂ ಬಿಡದೆ ಮೂರ್ನಾಲ್ಕು ವಾರ ಗುದ್ದಾಡಿದೆ.

ಕೊನೆಗೆ ಮೊನ್ನೆ ಶನಿವಾರ ಕನ್ನಡಕದಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸನ್ನು ಕರೆದುಕೊಂಡು ಬಂದೆ. ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಾಳೆ, ನಾನು ಸ್ಕ್ರೂಡ್ರೈವರಮ್ಮ ಎಂದೇ ಕರೆಯುವುದು. ನನ್ನ ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಗಂಭೀರವಾಗಿ ಓದಿದಳು.

"ದಿನಾ ಹೇಗೆ ಆರಿಸ್ತೀರೋ ಹಾಗೇ ಆರಿಸಿ ತೋರ್ಸಿ" ಅಂದಳು.

ಗುಂಡಿ ಒತ್ತಿದೆ. ಪರದೆ ಕಪ್ಪಾಯಿತು.

"ಅಷ್ಟೇನಾ?"

"ಅಷ್ಟೇ. ಇನ್ನೇನು, ಜೋಗುಳ ಹಾಡ್ಬೇಕಾ?"

"ಅಮ್ಮಾ, ನೀವು ಆರಿಸಿದ್ದು ಬರೀ ಪರದೆ. ಕಂಪ್ಯೂಟರ್ ಅಂದ್ರೆ ಕೆಳಗಿರೋ ಪೆಟ್ಟಿಗೆ. ಅದು ಎಚ್ಚರವಾಗೇ ಇದೆ."

ನಾನು ಒಪ್ಪಲಿಲ್ಲ. ಐದು ವರ್ಷ ಹೀಗೇ ಮಾಡಿದ್ದೇನೆ, ಬೆಳಗ್ಗೆ ಒಂದು ದಿನವೂ ಬಿಸಿಯಾಗಿ ಸಿಕ್ಕಿಲ್ಲ ಎಂದೆ. "ಹಾಗಾದ್ರೆ ನಿಮ್ಮ ಹಿಂದೆ ಬೇರೆ ಯಾರೋ ಬಂದು ಆರಿಸ್ತಿದ್ರು" ಎಂದಳು. ಈ ಪೆಟ್ಟಿಗೆ ತನ್ನ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಅದನ್ನು ತೆರೆದು ಸಿಕ್ಕಷ್ಟು ಹಿಂದಕ್ಕೆ ಎಳೆದು ತೋರಿಸಿದಳು. ಏಳು ಮೂವತ್ತೆಂಟಕ್ಕೆ ಮುಚ್ಚಿದ್ದು. ಏಳು ನಲವತ್ತೊಂದಕ್ಕೆ ಮುಚ್ಚಿದ್ದು. ಏಳು ಮೂವತ್ತಾರಕ್ಕೆ. ಎಲ್ಲವೂ ನನ್ನ ವಾರ್ತೆ ಮುಗಿಯುವ ಮುಂಚೆ. ಎಲ್ಲದರ ಮುಂದೆಯೂ ನಿನ್ನ ಹೆಸರು. ನೀನು ಹೋದ ದಿನದಿಂದ ಒಂದೂ ಇಲ್ಲ.

ನನಗೆ ಇನ್ನೂ ಅರ್ಥವಾಗದಿರುವುದು ಇದು. ನಾನು ಬಾಗಿಲ ಚಿಲಕ ಹಾಕುವ ರೀತಿ ಸರಿಯಿಲ್ಲವೆಂದು ಮುಖಕ್ಕೇ ಹೇಳಿದವಳು ನೀನು. ಒದ್ದೆ ಛತ್ರಿ ಮಡಿಸಿಟ್ಟರೆ ರೇಗುತ್ತಿದ್ದವಳು ನೀನು. ಇದೊಂದನ್ನು ಮಾತ್ರ ಐದು ವರ್ಷ ಬಾಯಿ ಬಿಡದೆ ಮಾಡಿದೆಯಲ್ಲ, ಯಾಕೆ? ಯೋಚಿಸಿ ಯೋಚಿಸಿ ನನಗೆ ಹೊಳೆದದ್ದು ಒಂದೇ. ಈ ವಯಸ್ಸಿನಲ್ಲಿ ಕಂಪ್ಯೂಟರ್ ಹಚ್ಚುವುದು, ಆರಿಸುವುದು ಎಲ್ಲ ಕಲಿತೆನೆಂದು ಬಂದವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ನೀನು ಪಕ್ಕದಲ್ಲೇ ಕೂತು ಹೌದೆಂದು ತಲೆಯಾಡಿಸುತ್ತಿದ್ದೆ. ಅದಕ್ಕೇ ಹೇಳಲಿಲ್ಲವೇನೇ? ಈಗ ನೆನೆಸಿಕೊಂಡರೆ ನಗುವೂ ಬರುತ್ತದೆ, ಎದೆಯೂ ಹಿಂಡುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಸ್ಕ್ರೂಡ್ರೈವರಮ್ಮ ಸರಿಯಾದ ದಾರಿ ತೋರಿಸಿದಳು, ನಾನೇ ಒತ್ತಿದೆ. ಆಗ ಪರದೆಯ ಮೇಲೆ ಒಂದು ಸಾಲು ಎದ್ದು ನಿಂತಿತು. ಈ ಕಂಪ್ಯೂಟರನ್ನು ಇನ್ನೂ ಯಾರೋ ಬಳಸುತ್ತಿದ್ದಾರೆ, ಈಗ ಮುಚ್ಚಿದರೆ ಅವರು ಉಳಿಸದ ಕೆಲಸ ಕಳೆದುಹೋಗಬಹುದು ಎಂದು ಅವಳು ಓದಿ ಹೇಳಿದಳು. ಯಾರೋ ಎಂದರೆ ನೀನೇ, ಈ ಪೆಟ್ಟಿಗೆಯಲ್ಲಿ ನಿನಗೊಂದು ನನಗೊಂದು ಬೇರೆ ಖಾತೆ ಇದೆಯಲ್ಲ. ಆ ದಿನ ಏನೋ ತೆರೆದಿಟ್ಟು ಹಾಗೇ ಎದ್ದು ಹೋಗಿದ್ದೀಯ, ಅದು ಆರು ವಾರದಿಂದ ಒಳಗೆ ಹಾಗೇ ಇದೆ. "ಪರವಾಗಿಲ್ಲ ಅಂತ ಒತ್ತಿ, ಮುಗೀತು" ಎಂದಳು. ನಾನು ಒತ್ತಲಿಲ್ಲ. ಬೇರೆಯವರ ಕೆಲಸ ಹಾಳುಮಾಡಲು ನಾನ್ಯಾರು?

ಸಂಜೆ ಮಗನಿಗೆ ಹೇಳಿದೆ. "ಅವಳಿಗೆ ಬೇಕಿದ್ರೆ ಕೇಳ್ತಿದ್ಲು ಬಿಡಮ್ಮ" ಎಂದು ಎದ್ದು ಹೋದ. ಸ್ವಲ್ಪ ಹೊತ್ತಿನ ಮೇಲೆ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದು, "ಯಾವ ನಕ್ಷೆ ಇದ್ದಿರಬಹುದು, ಆ ಶಾಲೆ ಮೆಟ್ಟಿಲಿನದಾ?" ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಕುತೂಹಲ ತಡೆಯಲಾರದೆ ನಾನೂ ಒಂದು ತಪ್ಪು ಮಾಡಿದ್ದೇನೆ. ಪರದೆಯಲ್ಲಿ ನಿನ್ನ ಹೆಸರಿನ ಪಕ್ಕದ ಹಳದಿ ಹೂವಿನ ಚಿತ್ರದ ಮೇಲೆ ಒತ್ತಿ, ಗುಪ್ತಪದದ ಜಾಗದಲ್ಲಿ ಮಗ ಹುಟ್ಟಿದ ದಿನ ಹಾಕಿ ನೋಡಿದೆ. ತಪ್ಪು ಎಂದಿತು. ಕೈ ತೆಗೆದುಬಿಟ್ಟೆ, ಮತ್ತೆ ಮುಟ್ಟಿಲ್ಲ.

ವಿಷಯ ಇಷ್ಟು. ಯುಪಿಎಸ್‌ನ ಬ್ಯಾಟರಿ ಸೊರಗಿದೆ, ಆಗಾಗ ಕೀ ಎನ್ನುತ್ತದೆ. ಒಂದು ದಿನ ಕರೆಂಟು ಅರ್ಧ ಗಂಟೆ ಹೋದರೆ ನಿನ್ನ ಕೆಲಸವೂ ಹೋಯಿತು. ಅಷ್ಟರೊಳಗೆ ನೀನು ಬಂದು ಉಳಿಸಿಕೊಂಡು, ನೀನೇ ಮುಚ್ಚಿ ಹೋಗು. ಗುರುವಾರ ಮಧ್ಯಾಹ್ನ ಮಗ ಮನೆಯಲ್ಲಿರುವುದಿಲ್ಲ. ಬರಲು ಮನಸ್ಸಿಲ್ಲದಿದ್ದರೆ ಬೇಡವೆಂದು ಒಂದು ಸಾಲು ಬರೆ, ನಾನೇ ಒತ್ತುತ್ತೇನೆ. ಆದರೆ ಬಂದರೆ ನನಗೆ ಸಂತೋಷ. ನಿನ್ನನ್ನು ನೋಡಬೇಕು ಅನ್ನಿಸಿದೆ, ಸುತ್ತಿ ಬಳಸಿ ಇಷ್ಟುದ್ದ ಬರೆದದ್ದು ಅದಕ್ಕೇ.

ಎಲ್ಲೇ ಇರು, ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಗ್ಗಿ ಕೂತು ಬೆನ್ನು ಕೆಡಿಸಿಕೊಳ್ಳಬೇಡ. ಹಿಡಿದ ಕೆಲಸವೆಲ್ಲ ನಿನ್ನ ಕೈಹಿಡಿಯಲಿ.

ನಿನ್ನ
ಅತ್ತೆ

ವಿ.ಸೂ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಹೋಗುವ ದಿನ ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತು ನೀನು "ಅತ್ತೇ" ಎಂದು ಎರಡು ಸಲ ಕರೆದೆ. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು, ಕೇಳಿಸಲಿಲ್ಲ ಎಂದು ಮಗನಿಗೆ ಹೇಳಿದ್ದೇನೆ. ನೀನೂ ಹಾಗೇ ತಿಳಿದಿರಬಹುದು. ಮೊದಲ ಸಲ ಕರೆದಾಗಲೇ ಕೇಳಿಸಿತ್ತು. ಹೊರಗೆ ಬಂದರೆ ನಿನ್ನ ಕೈ ಹಿಡಿದು, ಮಗನೆದುರಿಗೇ ಹೋಗಬೇಡವೆಂದು ಅಳುತ್ತೇನೆಂದು ಹೆದರಿ, ಎರಡನೆಯ ಸಲ ಕರೆಯುವಷ್ಟರಲ್ಲಿ ಮಿಕ್ಸಿಯ ಗುಂಡಿ ತಿರುಗಿಸಿದೆ. ಅದರೊಳಗೆ ಏನೂ ಇರಲಿಲ್ಲ ಮಗಳೇ.