ಮೇಲ್ಮನೆಯ ಕಡತದಲ್ಲಿ ನಾನು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆಯಲು ಕೂರುತ್ತಿದ್ದೆ, ಎದ್ದು ಹೋಗುತ್ತಿದ್ದೆ. ಕೂತಲ್ಲಿ ಕೂರದ ನನ್ನ ಬುದ್ಧಿ ನಿನಗೆ ಹೊಸದಲ್ಲ. ಕ್ಷಮಿಸು. ಪುಟ್ಟಿಗೆ ಜ್ವರ ಬಿಟ್ಟಿತೇ? ಭಾವನ ಬೆನ್ನುನೋವು ಹೇಗಿದೆ?

ಗ್ಯಾರೇಜು ಬಿಟ್ಟೆ, ಪ್ರೆಸ್ಸೂ ಬಿಟ್ಟೆ. ಈಗ ಕುಶನ್ ಅಂಗಡಿಯಲ್ಲಿ ಕುರ್ಚಿ, ಸೋಫಾ ರಿಪೇರಿ ಮಾಡುತ್ತೇನೆ. "ಸ್ಕೂಲನ್ನೇ ಬಿಟ್ಟೋನಿಗೆ ಮಿಕ್ಕಿದ್ದು ಯಾವ ಲೆಕ್ಕ" ಎನ್ನುತ್ತಾಳೆ ಅಮ್ಮ.

ಮೇಲ್ಮನೆ ರದ್ದು ಮಾಡುವ ಚರ್ಚೆ ಏನಾಯಿತು, ಅಪ್ಪನ ಸ್ಥಾನ ಉಳಿಯಿತೇ ಎಂದು ಕೇಳಿದ್ದೀಯ. ಉಳಿಯಿತು. ಅಷ್ಟು ಪೇಪರಿನಲ್ಲೂ ಬಂದಿದೆ. ಅಲ್ಲಿ ಬರದದ್ದನ್ನು ಬರೆಯುತ್ತೇನೆ.

ಚರ್ಚೆಯ ಹಿಂದಿನ ದಿನ ಅಪ್ಪ ಊಟದ ಮೇಜಿನ ಪಕ್ಕ ನಿಂತು ಭಾಷಣ ಓದಿ ತೋರಿಸಿದರು. ಪ್ರಿನ್ಸಿಪಾಲರ ಗತ್ತು ಇನ್ನೂ ಹೋಗಿಲ್ಲ. ಕೆಳಮನೆ ಅವಸರದಲ್ಲಿ ಮಾಡಿದ್ದನ್ನು ಇನ್ನೊಮ್ಮೆ ಯೋಚಿಸಲು ಒಂದು ಮನೆ ಬೇಕು ಎಂಬುದು ಅವರ ವಾದ. ಅಮ್ಮ ತಲೆದೂಗಿದಳು. ಅಪ್ಪ ನನ್ನತ್ತ ತಿರುಗಿ, "ನೀನೇನಂತೀಯೋ, ಕುರ್ಚಿ ಪಂಡಿತ?" ಅಂದರು.

ಚೆನ್ನಾಗಿದೆ ಅಂದಿದ್ದರೆ ಮುಗಿಯುತ್ತಿತ್ತು. ಹಾಗನ್ನಲು ಬಾಯಿ ಬರಲಿಲ್ಲ.

"ನಾನಾಗಿದ್ರೆ ರದ್ದು ಮಾಡಿ ಅಂತಿದ್ದೆ ಅಪ್ಪ. ನಿಮ್ಮನ್ನ ಆರಿಸೋಕೆ ಡಿಗ್ರಿ ಇದ್ದೋರಿಗೆ ಮಾತ್ರ ಓಟು. ಅಕ್ಕ ಹಾಕ್ತಾಳೆ, ನಾನು ಹಾಕೋ ಹಾಗಿಲ್ಲ. ಕಾನೂನು ಮಾತ್ರ ಇಬ್ಬರಿಗೂ ಒಂದೇ."

"ಓದು ಅಂದಾಗ ಓದಿದ್ರೆ ನಿಂಗೂ ಇರ್ತಿತ್ತು."

"ಓದದೋರಿಗೆ ಯಾಕಿಲ್ಲ ಅಂತ ನಾನು ಕೇಳಿದ್ದು."

"ಊಟ ಆರ್ತಿದೆ," ಅಂದಳು ಅಮ್ಮ.

ಬೆಳಿಗ್ಗೆ ಅಪ್ಪನೇ ಗ್ಯಾಲರಿಯ ಪಾಸು ಕೊಟ್ಟರು. "ಬಂದು ಕೇಳು, ಆಮೇಲೆ ಮಾತಾಡು." ರಜ ಕೇಳಿದರೆ ನಮ್ಮ ಯಜಮಾನರು, "ಹೋಗ್ಬಾರಪ್ಪ. ಮನೆ ರದ್ದಾದ್ರೆ ಆ ಕುರ್ಚಿಗಳೆಲ್ಲ ಹರಾಜಿಗೆ ಬರ್ತವೆ. ಸ್ಪ್ರಿಂಗು ಹೇಗಿವೆ ನೋಡ್ಕೊಂಡು ಬಾ" ಅಂದರು. ನೋಡಿದೆ. ಅಪ್ಪನ ಕುರ್ಚಿ ಎಡಕ್ಕೆ ಕುಸಿದಿದೆ. ಇಡೀ ಹೊತ್ತು ಓರೆಯಾಗಿಯೇ ಕೂತಿದ್ದರು.

ಒಬ್ಬರು ಎದ್ದು, ಚುನಾವಣೆಯಲ್ಲಿ ಸೋತವರು ಒಳಗೆ ನುಸುಳುವ ಹಿತ್ತಿಲ ಬಾಗಿಲು ಇದು ಅಂದರು. "ತಾವೂ ಅದೇ ಬಾಗಿಲಲ್ಲಿ ಬಂದಿದ್ದಲ್ವಾ ಸ್ವಾಮಿ?" ಅಂತ ಇನ್ನೊಬ್ಬರು ಕೂತಲ್ಲಿಂದಲೇ ಚುಚ್ಚಿದರು. ಆಮೇಲೆ ಅಪ್ಪನ ಸರದಿ. ಬರೆದದ್ದನ್ನು ಚೆನ್ನಾಗಿಯೇ ಓದಿದರು. ಕೊನೆಗೆ ಹಾಳೆ ಮಡಚಿ, ಬರೆಯದಿದ್ದ ಮಾತೊಂದನ್ನು ಸೇರಿಸಿದರು: "ಶಾಲೆಗೆ ಬೆನ್ನು ಹಾಕಿದವರ ಪರವಾಗಿಯೂ ಯಾರಾದರೂ ಯೋಚಿಸಬೇಕಲ್ಲ, ಸಭಾಪತಿಗಳೇ? ಅಂಥವನೊಬ್ಬ ನನ್ನ ಮನೆಯಲ್ಲೇ ಇದ್ದಾನೆ. ಅವನು ಈ ಮನೆಯೇ ಬೇಡ ಅಂತಾನೆ!"

ಎಲ್ಲರೂ ಮೇಜು ಕುಟ್ಟಿ ನಕ್ಕರು. ಎರಡು ಪಕ್ಷದವರೂ ಒಟ್ಟಿಗೆ ನಕ್ಕದ್ದು ಅವತ್ತು ಅದಕ್ಕೊಂದಕ್ಕೇ. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ರದ್ದತಿಯ ಠರಾವು ಬಿದ್ದುಹೋಯಿತು. ಸುಧಾರಣೆಗೆ ಸಮಿತಿ ಮಾಡುತ್ತಾರಂತೆ. ಡಿಗ್ರಿ ಇಲ್ಲದವರ ಓಟಿನ ಮಾತನ್ನು ಯಾರೂ ಎತ್ತಲಿಲ್ಲ. ಮನೆಗೆ ಬರುವಾಗ, "ನಿಮ್ಮ ಕುರ್ಚಿಗೆ ನಾನೇ ಸ್ಪ್ರಿಂಗು ಹಾಕಿಕೊಡ್ಲಾ?" ಅಂದೆ. "ಸರ್ಕಾರಿ ಕುರ್ಚಿ ಕಣೋ, ಟೆಂಡರ್ ಕರೀಬೇಕು" ಅಂದರು.

ಪುಟ್ಟಿಗೆ ಹುಷಾರಾದ ಮೇಲೆ ಒಂದು ಸಲ ಎಲ್ಲರೂ ಬನ್ನಿ. ಹರಸಬೇಕಾದ ದೊಡ್ಡವಳು ನೀನು. ಆದರೂ ನಾನೇ ಹರಸುತ್ತೇನೆ, ಮೂವರೂ ತಣ್ಣಗಿರಿ.

ನಿನ್ನ ತಮ್ಮ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಸದನದಲ್ಲಿ ಆಡಿದ ಮಾತನ್ನು ಟೈಪು ಮಾಡಿ, ತಿದ್ದಿ ಕೊಡಲು ಸದಸ್ಯರ ಮನೆಗೆ ಕಳಿಸುತ್ತಾರೆ. ಮಾರನೇ ದಿನ ಅದು ಬಂತು. ನನ್ನ ಹೋಂವರ್ಕು ತಿದ್ದುತ್ತಿದ್ದ ಹಾಗೆಯೇ ಅಪ್ಪ ಕೆಂಪು ಪೆನ್ನು ಹಿಡಿದು, ಆ ಕೊನೆಯ ಮಾತಿನ ಮೇಲೆ ಅಡ್ಡಗೆರೆ ಎಳೆದರು. ಕಡತದಿಂದ ಅದನ್ನು ತೆಗೆಸಿ ಎಂದು ಸಭಾಪತಿಗಳಿಗೆ ಬರೆದರು. "ಬಾಯಿ ತಪ್ಪಿ ಬಂದುಬಿಡ್ತು ಕಣೋ," ಅಂದರು.

"ಇರಲಿ ಬಿಡಿ ಅಪ್ಪ. ನಿಜಾನೇ ಅಲ್ವಾ?"

"ಒಂದ್ಸಲ ಕಡತ ಸೇರಿದ್ರೆ ಶಾಶ್ವತವಾಗಿ ಉಳಿಯುತ್ತೆ. ನಿಂಗೆ ಗೊತ್ತಾಗಲ್ಲ."

ಗೊತ್ತಿತ್ತು ಅಕ್ಕ, ಅದಕ್ಕೇ ಇರಲಿ ಅಂದದ್ದು. ಆ ಮನೆಯಲ್ಲಿ ನಾನಿದ್ದದ್ದು ಆ ಒಂದು ಮಾತಿನಲ್ಲಿ. ಕೊನೆಗೆ ರದ್ದಾದದ್ದೂ ಅದೊಂದೇ.