ತಗೋ, ತಗೊಳ್ಳಿ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

ಸೊಂಟದ ನೋವು ಹೇಗಿದೆ? ಎಂಜಿನ್ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುವಾಗ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೀರಾ, ಇಲ್ಲ ನಾನು ಕಳಿಸಿದ್ದು ಪೆಟ್ಟಿಗೆಯ ತಳದಲ್ಲೇ ಬಿದ್ದಿದೆಯಾ? ಹಡಗು ಮುಂದಿನ ಬಂದರು ಮುಟ್ಟಿದಾಗ ಈ ಕಾಗದ ಕೈ ಸೇರಬಹುದು. ನಾನು ಚೆನ್ನಾಗಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಬೆರಳ ತುದಿ ಮರಗಟ್ಟಿದೆ, ಅಷ್ಟೇ.

ಅತ್ತೆಯ ವಿಷಯ ಬರೆಯಬೇಕು. ಹೋದ ವಾರ ಕಿಡ್ನಿ ಡಾಕ್ಟರು ರಿಪೋರ್ಟು ನೋಡಿ ಮುಖ ಸಪ್ಪೆ ಮಾಡಿದರು. ಉಪ್ಪು ಹೀಗೇ ಮುಂದುವರಿದರೆ ವರ್ಷದೊಳಗೆ ಡಯಾಲಿಸಿಸ್ ಮಾಡಿಸಬೇಕಾಗುತ್ತದೆ ಎಂದು ನೇರವಾಗಿಯೇ ಹೇಳಿದರು. ಅತ್ತೆ ವಿನಯದಿಂದ ತಲೆಯಾಡಿಸಿ ಹೊರಬಂದು, ಲಿಫ್ಟಿನಲ್ಲಿ, 'ಪಾಪ, ಆ ಡಾಕ್ಟರಿಗೇ ಸರಿಯಾಗಿ ನಿದ್ದೆಯಿಲ್ಲ' ಎಂದರು. ನನಗೆ ನಗಲೂ ಆಗಲಿಲ್ಲ. ಮನೆಯ ದಿನಸಿಯನ್ನೆಲ್ಲ ಆನ್‌ಲೈನ್ ಅಂಗಡಿಯಿಂದ ತರಿಸುವವರು ಅವರೇ ಎಂಬುದು ನಿಮಗೆ ಗೊತ್ತು. ಆ ಒಂದು ಯಜಮಾನಿಕೆಯನ್ನೂ ಕಿತ್ತುಕೊಂಡರೆ ಅವರಿಗೆ ದಿನ ಹೋಗುವುದು ಹೇಗೆ? ನನಗೆ ಮನಸ್ಸು ಬರಲಿಲ್ಲ. ತರಿಸುವುದೋ, ಡಬ್ಬಿಯ ಮಾಂಸ, ಪ್ಯಾಕೆಟ್ಟಿನ ಸೂಪು, ಚಿಪ್ಸು. ಈಗ ಆ ಅಂಗಡಿಯೂ ಬುದ್ಧಿ ಹೇಳಲು ಶುರುಮಾಡಿದೆ. ಉಪ್ಪು ತುಂಬಿದ ಸಾಮಾನನ್ನು ಫೋನಿನ ಪರದೆಯ ಬುಟ್ಟಿಗೆ ಹಾಕಿದರೆ ಪಕ್ಕದಲ್ಲೊಂದು ಹಸಿರು ಎಲೆ ಮೂಡಿ, 'ಇದರ ಬದಲು ಇದು' ಎಂದು ಕಾಳನ್ನೋ ಬೇಳೆಯನ್ನೋ ತೋರಿಸುತ್ತದೆ. ದೂರದೇಶದಿಂದ ಹಾರಿ ಬಂದ ತರಕಾರಿ ಆರಿಸಿದರೆ ಹತ್ತಿರದ ತೋಟದ್ದನ್ನು ಮುಂದಿಡುತ್ತದೆ. ಆ ಮಾತನ್ನು ಮಾತ್ರ ಅತ್ತೆ ಒಪ್ಪಿದರು. 'ನಾನೇ ಇನ್ನೂ ವಿಮಾನ ಹತ್ತಿಲ್ಲ, ಈ ಬೀನ್ಸಿಗೇನು ಕೊಬ್ಬು' ಎಂದು ತೆಗೆದುಹಾಕಿದರು. ಉಪ್ಪಿನ ವಿಷಯದಲ್ಲಿ ಜಪ್ಪಯ್ಯ ಅಂದರೂ ಕೇಳುವುದಿಲ್ಲ. ಜೀವಮಾನವಿಡೀ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ಊರಿಗೆಲ್ಲ 'ಮುಂದೆ ಹೋಗಿ' ಎಂದು ಗದರಿಸಿದವರು, ಒಂದು ಎಲೆಯ ಮಾತು ಕೇಳುತ್ತಾರೆಯೇ?

ಆ ಎಲೆಯನ್ನು ಒತ್ತಿ ನೋಡಿದಾಗ ನನಗೊಂದು ದಾರಿ ಕಂಡಿತು. ಅಂಗಡಿಯ ಮಾತಿನ ಜಾಗದಲ್ಲಿ ಮನೆಯವರು ತಮ್ಮದೇ ಮಾತು ಬರೆದಿಡಬಹುದು. ಬೇಡದ ಸಾಮಾನು ಬುಟ್ಟಿಗೆ ಬಿದ್ದಾಗಲೆಲ್ಲ ಅದೇ ಮೂಡುತ್ತದೆ. ನನ್ನ ಮಾತು ಕೇಳಿ ಕೇಳಿ ಅವರಿಗೆ ಕಿವಿ ತೂತಾಗಿದೆ, ಹಾಗಾಗಿ ನಿಮ್ಮ ಪರವಾಗಿ ಬರೆದೆ. 'ಅಮ್ಮಾ, ಈ ಸೂಪು ಬೇಡ, ಕಾಳು ತಗೊಳ್ಳಿ. ಇಂತಿ ಮಗ.' ಕೇಳದೆ ಬರೆದೆನೆಂದು ಸಿಟ್ಟು ಮಾಡಿಕೊಳ್ಳಬೇಡಿ. ಮತ್ತೆ ಹಡಗಿಗೆ ಹೋಗಬೇಡ ಎಂದು ಅವರು ಹಟ ಹಿಡಿದದ್ದು, ನೀವು ಹೊರಟ ದಿನ ಬಾಗಿಲು ಹಾಕಿಕೊಂಡು ಕೂತದ್ದು, ನೀವೂ ಒಂದು ಮಾತು ಹೇಳದೆ ಮೆಟ್ಟಿಲಿಳಿದದ್ದು, ಯಾವುದೂ ನಾನು ಮರೆತಿಲ್ಲ. ಅಂದಿನಿಂದ ನಿಮ್ಮ ಯಾವ ಕಾಗದದಲ್ಲೂ ಅವರಿಗೆಂದು ಒಂದು ಸಾಲಿಲ್ಲ. ಓದಿ ಹೇಳುವಾಗ ನಾನೇ ಏನಾದರೂ ಸೇರಿಸುತ್ತೇನೆ.

ಅತ್ತೆ ಅದನ್ನು ಕಂಡಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಫೋನನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಆಮೇಲೆ ಮೆಲ್ಲಗೆ, 'ನನ್ನ ಮಗ ಜಗಳ ಆಡ್ತಾನೆ, ಮುಖ ತಿರುಗಿಸ್ತಾನೆ. ಆದ್ರೆ ನಂಗೆ ಯಾವತ್ತೂ ತಗೊಳ್ಳಿ ಅಂದಿಲ್ಲ. ಅವನು ತಗೋ ಅನ್ನೋನು' ಎಂದರು. ಅವರಿಗೂ ನಿಮಗೂ 'ನೀವು' ಎಂದೇ ಬರೆದು ರೂಢಿಯಾದ ಕೈ, ಮಗನಾಗಿ ಬರೆಯುವಾಗ ಸಿಕ್ಕಿಬಿತ್ತು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ಅಳಿಸಿಬಿಡಲೇ ಎಂದರೆ, 'ಇರ್ಲಿ ಬಿಡು' ಎಂದರು. ಸಂಜೆ ಸೂಪಿನ ಪ್ಯಾಕೆಟ್ಟುಗಳು ಮನೆ ಬಾಗಿಲಿಗೆ ಬಂದವು. ಅವತ್ತೇ ಒಂದನ್ನು ಕುದಿಸಿ ಕುಡಿದರು. ನನಗೆ ಭಯವಾಗುತ್ತಿದೆ, ಬೇರೆ ಯಾರ ಹತ್ತಿರ ಹೇಳಲಿ?

ನಿಮ್ಮ ಜೊತೆ ಕೆಲಸ ಮಾಡುವ ಅಡುಗೆಯವರಿಗೂ ಮುದಿ ಮೆಕ್ಯಾನಿಕ್ಕಿಗೂ ನನ್ನ ನೆನಪು ತಿಳಿಸಿ. ಕಡಲು ನಿಮಗೆ ಮೃದುವಾಗಿರಲಿ, ಹೋದ ಹಾಗೆಯೇ ಗಟ್ಟಿಯಾಗಿ ತಿರುಗಿ ಬನ್ನಿ.

ಇಂತಿ,
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಳಕೋಣೆಗೆ ಹೋಗಿದ್ದೆ. ಅತ್ತೆ ಫೋನು ಹಿಡಿದು ಮಂಚದ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಸೂಪನ್ನು ಬುಟ್ಟಿಗೆ ಹಾಕುತ್ತಾರೆ, ಆ ಸಾಲು ಮೂಡುತ್ತದೆ, ಓದುತ್ತಾರೆ, ಸೂಪನ್ನು ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ನಿಮ್ಮದಲ್ಲ ಎಂದು ಗೊತ್ತಿದ್ದೂ ಓದುತ್ತಿದ್ದಾರೆ. ಅವರಿಗೊಂದು ಸಾಲು ಬರೆದು ಕಳಿಸಿ, ಅಕ್ಷರ ತಿದ್ದದೆ ಆ ಜಾಗದಲ್ಲಿ ಹಾಕುತ್ತೇನೆ. ಬೈದರೂ ಪರವಾಗಿಲ್ಲ. ತಗೋ ಅನ್ನಿ.